ಮನೆಯಲ್ಲೇ ಇವಿ ಚಾರ್ಜ್: ಪ್ಲಗ್ ಹಾಕುವ ಮೊದಲು ಗೋಡೆಯ ಒಳಗೆ ಎಂತ ಉಂಟು ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಕಾಟಿಪಳ್ಳದಿಂದ ಮಾತಾಡ್ತಾ ಇದ್ದೇನೆ. ಇವತ್ತಿನ ವಿಷಯ ಎಲೆಕ್ಟ್ರಿಕ್ ಕಾರು. ಯಾವ ಕಾರು ತಗೊಳ್ಳಬೇಕು, ಯಾವುದರ ಸ್ಕ್ರೀನ್ ದೊಡ್ಡದು ಅನ್ನೋದಲ್ಲ. ಅದಕ್ಕೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾರು ಮನೆಗೆ ಬಂದ ಮೇಲೆ, ರಾತ್ರಿ ಹತ್ತು ಗಂಟೆಗೆ ಅದನ್ನು ಗೋಡೆಗೆ ಸಿಕ್ಕಿಸ್ತೀರಲ್ಲ, ಅಲ್ಲಿಂದ ಬೆಳಿಗ್ಗೆ ಆರರವರೆಗೆ ಆ ಗೋಡೆಯಲ್ಲಿ, ಆ ವಯರಿನಲ್ಲಿ, ಆ ಬ್ಯಾಟರಿಯಲ್ಲಿ ಎಂತ ನಡೀತದೆ ಅನ್ನೋದು ಇವತ್ತಿನ ಮಾತು.

ಮೊದಲೇ ಹೇಳಿಬಿಡ್ತೇನೆ, ನಾನು ಬಿಕಾಂ ಓದಿದವನು, ಎಂಜಿನಿಯರ್ ಅಲ್ಲ. ಹಾಗಾಗಿ ಲೆಕ್ಕ ಹಾಕಿ ಅರ್ಥ ಮಾಡಿಕೊಳ್ಳೋದು ನನ್ನ ಅಭ್ಯಾಸ. ನಿಮಗೂ ಲೆಕ್ಕದಲ್ಲೇ ಹೇಳ್ತೇನೆ. ವಯರಿಂಗ್ ಕೆಲಸ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್‌ದೇ. ಈ ಸಂಚಿಕೆ ಕೇಳಿ ಸ್ಕ್ರೂಡ್ರೈವರ್ ಹಿಡಿಯಬೇಡಿ. ಅವರ ಹತ್ತಿರ ಯಾವ ಪ್ರಶ್ನೆ ಕೇಳಬೇಕು ಅನ್ನೋದನ್ನು ತಿಳ್ಕೊಳ್ಳಿ, ಅಷ್ಟು ಸಾಕು.

ನಮ್ಮ ಊರಿನ ಮನೆಗಳು

ಹೊರಗಿನ ಕೇಳುಗರಿಗೆ ಒಂದು ಮಾತು. ಕಾಟಿಪಳ್ಳ ಅಂದ್ರೆ ಸುರತ್ಕಲ್ ಪಕ್ಕದ ಊರು. ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟುವಾಗ ಜಾಗ ಬಿಟ್ಟುಕೊಟ್ಟ ಕುಟುಂಬಗಳಿಗೆ ನಿವೇಶನ ಕೊಟ್ಟು ಬೆಳೆದ ಊರು ಇದು. ಅದಕ್ಕೇ ಇಲ್ಲಿ ವಿಳಾಸ ಹೇಳುವಾಗ ಬ್ಲಾಕ್ ನಂಬರ್ ಬರ್ತದೆ. ಆ ಬಂದರು ಪ್ರಮುಖ ಬಂದರು ಅಂತ ಘೋಷಣೆ ಆದದ್ದು 1974ರಲ್ಲಿ. ಅಂದ್ರೆ ಇಲ್ಲಿನ ಎಷ್ಟೋ ಮನೆಗಳ ಮೊದಲ ವಯರಿಂಗ್ ಆಗುವಾಗ ಮನೆಯಲ್ಲಿ ಇದ್ದದ್ದು ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ರೇಡಿಯೋ. ಆಮೇಲೆ ಮಿಕ್ಸಿ ಬಂತು, ಫ್ರಿಡ್ಜ್ ಬಂತು, ಬಾವಿಗೆ ಪಂಪು ಬಂತು, ಗಲ್ಫ್‌ನಿಂದ ದುಡ್ಡು ಬಂದಾಗ ಮೇಲೊಂದು ಮಹಡಿ ಬಂತು, ಎಸಿ ಬಂತು. ವಯರ್ ಮಾತ್ರ ಎಷ್ಟೋ ಕಡೆ ಹಳೆಯದಕ್ಕೇ ಜೋಡಿಸಿ ಜೋಡಿಸಿ ಮುಂದೆ ಹೋಗಿದೆ. ಈಗ ಆ ಮನೆಗೆ ಕಾರು ಬರ್ತಾ ಉಂಟು.

ಮನೆಯ ಪ್ಲಗ್ಗಿಗೆ ಕಾರು ಸಿಕ್ಕಿಸೋದು ಕರ್ನಾಟಕಕ್ಕೆ ಹೊಸತೇನಲ್ಲ. 2001ರಲ್ಲೇ ಬೆಂಗಳೂರಿನ ರೇವಾ ಕಂಪನಿಯ ಪುಟ್ಟ ಕಾರು ರಸ್ತೆಗೆ ಬಂದಿತ್ತು. ಚೇತನ್ ಮೈನಿ ಅವರ ಕಂಪನಿ. ಅದೇ ಕಾರು ಲಂಡನ್‌ನಲ್ಲಿ ಜಿ-ವಿಜ್ ಅನ್ನುವ ಹೆಸರಿನಲ್ಲಿ ಓಡ್ತಿತ್ತು. ಅದರಲ್ಲಿ ಇದ್ದದ್ದು ಲೆಡ್ ಆಸಿಡ್ ಬ್ಯಾಟರಿ, ಚಾರ್ಜ್ ಆಗ್ತಿದ್ದದ್ದು ಮನೆಯ 15 ಆಂಪಿಯರ್ ಪ್ಲಗ್‌ನಿಂದ. 2017ರಲ್ಲಿ ಎಲೆಕ್ಟ್ರಿಕ್ ವಾಹನಕ್ಕೆ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ಕೂಡ ನಮ್ಮದೇ. ಮನೆಯ ಈಗಿನ ವಿದ್ಯುತ್ ಸಂಪರ್ಕದಿಂದಲೇ ಕಾರು ಚಾರ್ಜ್ ಮಾಡಬಹುದು ಅಂತ ಕೇಂದ್ರ ವಿದ್ಯುತ್ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಕಾನೂನಿನ ಅಡ್ಡಿ ಇಲ್ಲ. ಪ್ರಶ್ನೆ ಇರೋದು ನಿಮ್ಮ ವಯರಿಂಗ್ ತಡಕೊಳ್ತದಾ ಅನ್ನೋದು.

ಗೀಸರ್ ಇಪ್ಪತ್ತು ನಿಮಿಷ, ಕಾರು ಎಂಟು ಗಂಟೆ

"ಗೀಸರ್ ಓಡುವ ಪ್ಲಗ್‌ನಲ್ಲಿ ಕಾರು ಯಾಕೆ ಓಡಬಾರದು?" ತುಂಬಾ ಜನ ಕೇಳುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ ಕೂಡ.

ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್ ಸಾಮಾನ್ಯವಾಗಿ 3.3 ಕಿಲೋವ್ಯಾಟ್‌ವರೆಗೆ ಎಳೀತದೆ. 230 ವೋಲ್ಟ್‌ನಲ್ಲಿ ಅದು ಹತ್ತಿರ ಹತ್ತಿರ 15 ಆಂಪಿಯರ್. ಗೀಸರ್ ಎಳೆಯೋದು 2 ಕಿಲೋವ್ಯಾಟ್, ಅದೂ ಹದಿನೈದು ಇಪ್ಪತ್ತು ನಿಮಿಷ. ಆಮೇಲೆ ಥರ್ಮೋಸ್ಟ್ಯಾಟ್ ಆಫ್ ಮಾಡ್ತದೆ, ಸಾಕೆಟ್ ತಣ್ಣಗಾಗ್ತದೆ. ಕಾರು ಹಾಗಲ್ಲ. 24 ಯೂನಿಟ್‌ನ ಒಂದು ಸಣ್ಣ ಬ್ಯಾಟರಿ ಖಾಲಿಯಿಂದ ತುಂಬಲು ಇದೇ ವೇಗದಲ್ಲಿ ಎಂಟು ಗಂಟೆ ಬೇಕು. ಎಂಟು ಗಂಟೆ ಒಂದೇ ಸಮನೆ 15 ಆಂಪಿಯರ್. ಮನೆಯ ಬೇರೆ ಯಾವ ಉಪಕರಣವೂ ಇಷ್ಟು ಹೊತ್ತು, ಇಷ್ಟು ಕರೆಂಟು ಎಳೆಯೋದಿಲ್ಲ.

ಇಲ್ಲಿ ಒಂದು ಸೂತ್ರ ಉಂಟು, ಹೆದರಬೇಡಿ. ಸಾಕೆಟ್‌ನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರ್ತದೆ. ಸಾಕೆಟ್ ಸಡಿಲ ಆಗಿದೆ, ಅಥವಾ ಒಳಗಿನ ಹಿತ್ತಾಳೆಗೆ ಕಿಲುಬು ಹಿಡಿದಿದೆ ಅಂತ ಇಟ್ಟುಕೊಳ್ಳಿ. ಅಲ್ಲಿ ಬರೀ 0.1 ಓಮ್ ತಡೆ ಇದ್ದರೂ, 15 ಆಂಪಿಯರ್ ಹರಿದರೆ 15 × 15 × 0.1, ಅಂದ್ರೆ 22.5 ವ್ಯಾಟ್ ಬಿಸಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಸೋಲ್ಡರಿಂಗ್ ಕಡ್ಡಿ ಉಂಟಲ್ಲ, ಅದು ಸುಮಾರು 25 ವ್ಯಾಟ್‌ನದ್ದು. ಹೆಚ್ಚುಕಡಿಮೆ ಅಂಥದ್ದೊಂದು ಕಡ್ಡಿಯನ್ನು ಪ್ಲಾಸ್ಟಿಕ್ ಸಾಕೆಟ್ ಒಳಗೆ ಇಟ್ಟು ರಾತ್ರಿಯಿಡೀ ಆನ್ ಮಾಡಿ ನೀವು ಮಲಗಿದ ಹಾಗೆ ಆಯ್ತು.

ಅದೇ ಕರೆಂಟನ್ನು 10 ಆಂಪಿಯರ್‌ಗೆ ಇಳಿಸಿದರೆ ಬಿಸಿ 10 ವ್ಯಾಟ್. ಕರೆಂಟ್ ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿದ್ದಕ್ಕೆ ಬಿಸಿ ಅರ್ಧಕ್ಕಿಂತ ಕೆಳಗೆ ಬಂತು. ಹಲವು ಕಾರು ಮತ್ತು ಚಾರ್ಜರ್‌ಗಳಲ್ಲಿ ಕರೆಂಟ್ ಮಿತಿ ಇಳಿಸುವ ಸೆಟ್ಟಿಂಗ್ ಇರ್ತದೆ. ಪರವೂರಿನಲ್ಲಿ, ನೆಂಟರ ಮನೆಯಲ್ಲಿ, ವಯರಿಂಗ್ ಗೊತ್ತಿಲ್ಲದ ಜಾಗದಲ್ಲಿ ಅದನ್ನು ಬಳಸಿ. ಹಾಗಂತ ಸಡಿಲ ಸಾಕೆಟ್‌ಗೆ ಇದು ಮದ್ದಲ್ಲ, ಅದನ್ನು ಬದಲಾಯಿಸಲೇಬೇಕು.

ನಮ್ಮ ಕಡೆ ಇನ್ನೊಂದು ತೊಂದರೆ, ಸಮುದ್ರದ ಉಪ್ಪು ಗಾಳಿ. ಗೇಟು, ಗ್ರಿಲ್ ತುಕ್ಕು ಹಿಡಿಯೋದನ್ನು ನೋಡ್ತೀರಿ. ಅದೇ ಗಾಳಿ ಸಾಕೆಟ್ ಒಳಗೂ ಹೋಗ್ತದೆ, ಅದು ಕಣ್ಣಿಗೆ ಕಾಣೋದಿಲ್ಲ ಅಷ್ಟೇ. ಹಾಗಾಗಿ ಒಂದು ಅಭ್ಯಾಸ ಮಾಡಿಕೊಳ್ಳಿ. ಚಾರ್ಜ್ ಶುರುವಾಗಿ ಅರ್ಧ ಗಂಟೆ ಆದ ಮೇಲೆ ಪ್ಲಗ್‌ನ ಹೊರಮೈ ಹತ್ತಿರ ಒಣಗಿದ ಕೈ ಹಿಡಿದು ನೋಡಿ. ಸ್ವಲ್ಪ ಬೆಚ್ಚಗೆ ಇದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ, ಸುಟ್ಟ ವಾಸನೆ, ಪ್ಲಾಸ್ಟಿಕ್ ಹಳದಿ ಅಥವಾ ಕಂದು ಬಣ್ಣ, ಇದರಲ್ಲಿ ಒಂದಾದರೂ ಇದ್ದರೆ ಕಾರಿನಲ್ಲಿ ಚಾರ್ಜ್ ನಿಲ್ಲಿಸಿ, ಸ್ವಿಚ್ ಆಫ್ ಮಾಡಿ, ಆಮೇಲೆ ಪ್ಲಗ್ ತೆಗೆಯಿರಿ. ಕರೆಂಟ್ ಹರಿಯುವಾಗಲೇ ಎಳೆದು ತೆಗೆದರೆ ಕಿಡಿ ಹಾರ್ತದೆ.

ಕಾರಿಗೆ ಅದರದ್ದೇ ದಾರಿ

ಹಾಗಾದ್ರೆ ಎಂತ ಬೇಕು? ಡಿಬಿ ಬಾಕ್ಸ್‌ನಿಂದ ನೇರ ಕಾರಿನ ಪಾಯಿಂಟ್‌ಗೆ ಒಂದು ಪ್ರತ್ಯೇಕ ಲೈನ್. ಮಧ್ಯದಲ್ಲಿ ಬೇರೆ ಯಾವ ಪಾಯಿಂಟೂ ಇರಬಾರದು. 16 ಆಂಪಿಯರ್ ಸಾಕೆಟ್‌ಗೆ 4 ಚದರ ಮಿಲಿಮೀಟರ್ ತಾಮ್ರದ ವಯರ್ ಹಾಕೋದು ಒಳ್ಳೆಯದು. 32 ಆಂಪಿಯರ್‌ನ ಗೋಡೆಯ ಚಾರ್ಜರ್ ಅಂದ್ರೆ 7 ಕಿಲೋವ್ಯಾಟ್‌ಗೂ ಮೇಲೆ. ಅದಕ್ಕೆ 6 ಚದರ ಮಿಲಿಮೀಟರ್ ಅಥವಾ ದೂರ ಹೆಚ್ಚಿದ್ದರೆ ಇನ್ನೂ ದಪ್ಪ. ವಯರ್ ಮತ್ತು ಸಾಕೆಟ್‌ಗೆ ತಕ್ಕ ಎಂಸಿಬಿ. ಆ ಎಂಸಿಬಿ ಪದೇ ಪದೇ ಬಿದ್ದರೆ ದೊಡ್ಡ ಎಂಸಿಬಿ ಹಾಕಿಸೋದು ಪರಿಹಾರ ಅಲ್ಲ. ಅದು ವಯರ್ ಬಿಸಿಯಾಗ್ತಾ ಉಂಟು ಅಂತ ಹೇಳ್ತಿದೆ. ಹೇಳುವವನ ಬಾಯಿ ಮುಚ್ಚಿಸಿದರೆ ವಯರ್ ತಣ್ಣಗಾಗೋದಿಲ್ಲ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ಇವಿ ಚಾರ್ಜಿಂಗ್‌ಗೇ ಅಂತ ಕೆಲವು ಮಾತು ಉಂಟು. ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರದಲ್ಲಿ ಇರಬೇಕು. ಚಾರ್ಜಿಂಗ್ ಪಾಯಿಂಟ್‌ನಿಂದ 5 ಮೀಟರ್ ಒಳಗೆ ಕಾರು ನಿಲ್ಲಬೇಕು. ಎಕ್ಸ್‌ಟೆನ್ಷನ್ ವಯರ್ ಬಳಸಬಾರದು, ಅಡಾಪ್ಟರ್ ಹಾಕಬಾರದು. ಪ್ರತಿ ಪಾಯಿಂಟ್‌ಗೆ ಪ್ರತ್ಯೇಕ ಸರ್ಕ್ಯೂಟ್, ಜೊತೆಗೆ 30 ಮಿಲಿಆಂಪಿಯರ್‌ಗೆ ಬೀಳುವ ರಕ್ಷಣೆ.

ಐದು ಮೀಟರ್ ಅನ್ನೋದು ನಮ್ಮ ಬ್ಲಾಕ್‌ಗಳಲ್ಲಿ ಕಷ್ಟದ ವಿಷಯ, ಗೊತ್ತುಂಟು. ಸಣ್ಣ ನಿವೇಶನ, ಕಾರು ಗೇಟಿನ ಹೊರಗೆ. ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು, ಕಾಂಪೌಂಡ್ ಹಾರಿಸಿ, ರಸ್ತೆ ಬದಿಯಲ್ಲಿ ಚಾರ್ಜ್ ಮಾಡುವ ಆಸೆ ಆಗ್ತದೆ. ಆ ವಯರ್ ಮೇಲೆ ಬೈಕ್ ಹತ್ತುತ್ತದೆ, ಮಳೆ ನೀರು ಹರೀತದೆ, ಮಕ್ಕಳು ಎಡವುತ್ತಾರೆ. ಸುರುಳಿ ಸುತ್ತಿಟ್ಟ ಎಕ್ಸ್‌ಟೆನ್ಷನ್‌ನಲ್ಲಂತೂ ಬಿಸಿ ಹೊರಗೆ ಹೋಗಲು ದಾರಿಯೇ ಇರೋದಿಲ್ಲ. ಕಾರನ್ನು ಅಂಗಳದ ಒಳಗೆ ತರುವ ವ್ಯವಸ್ಥೆ ಇಲ್ಲದಿದ್ದರೆ, ಗೇಟಿನ ಪಕ್ಕದ ಕಾಂಪೌಂಡಿನ ಒಳಬದಿಗೆ ಮಳೆ ನೀರು ತಾಗದ ಮುಚ್ಚಳದ ಬಾಕ್ಸ್‌ನಲ್ಲಿ ಪಾಯಿಂಟ್ ಮಾಡಿಸಬಹುದಾ ಅಂತ ನೋಡಿ. ಅದೂ ಆಗದಿದ್ದರೆ ಕಾರು ಬುಕ್ ಮಾಡುವ ಮೊದಲೇ ಸಾರ್ವಜನಿಕ ಚಾರ್ಜಿಂಗ್ ಲೆಕ್ಕ ಹಾಕಿ. ಕಾರು ಬಂದ ಮೇಲೆ ಅಲ್ಲ.

ಅರ್ತಿಂಗ್: ಇಲ್ಲಿ ಜೀವದ ಪ್ರಶ್ನೆ

ಈ ಭಾಗವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಅಂದ್ರೆ ಓಡಿಸಬೇಡಿ ಅಂತ. ಮನೆಯವರಿಗೆ ಖಂಡಿತ ಫಾರ್ವರ್ಡ್ ಮಾಡಿ.

ಇವಿ ಚಾರ್ಜರ್‌ಗಳು ಮೊದಲು ಅರ್ತ್ ಸರಿ ಉಂಟಾ ಅಂತ ನೋಡ್ತವೆ. ಇಲ್ಲದಿದ್ದರೆ ಕೆಂಪು ದೀಪ, ಚಾರ್ಜ್ ಆಗೋದಿಲ್ಲ. ನಮ್ಮ ಊರಿನದ್ದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಒದ್ದೆ ಇದ್ದಾಗ ಪರವಾಗಿಲ್ಲ, ಮಾರ್ಚ್ ಏಪ್ರಿಲ್‌ನಲ್ಲಿ ಒಣಗಿದಾಗ ಆ ನೆಲ ಕರೆಂಟನ್ನು ಸುಲಭಕ್ಕೆ ಒಳಗೆ ಬಿಡೋದಿಲ್ಲ. ಆದ್ದರಿಂದ ಡಿಸೆಂಬರ್‌ವರೆಗೆ ಸರಿ ಚಾರ್ಜ್ ಆಗುತ್ತಿದ್ದ ಕಾರು ಬೇಸಿಗೆಯಲ್ಲಿ "ಗ್ರೌಂಡ್ ಫಾಲ್ಟ್" ಅಂತ ತೋರಿಸಬಹುದು. ಕಾರು ಹಾಳಾದದ್ದಲ್ಲ, ಅರ್ತ್ ಗುಂಡಿ ಒಣಗಿದ್ದು.

ಆಗ ಯಾರಾದ್ರೂ ಒಬ್ಬರು ಬಂದು ಒಂದು ಸುಲಭ ಉಪಾಯ ಹೇಳ್ತಾರೆ. ಸಾಕೆಟ್ ಹಿಂದೆ ನ್ಯೂಟ್ರಲ್‌ನಿಂದ ಅರ್ತ್ ಪಿನ್‌ಗೆ ಒಂದು ತುಂಡು ವಯರ್ ಹಾಕೋದು. ಚಾರ್ಜರ್ ಮೋಸ ಹೋಗ್ತದೆ, ಹಸಿರು ದೀಪ ಬರ್ತದೆ. ಐದು ನಿಮಿಷದ ಕೆಲಸ. ದಯವಿಟ್ಟು ಇದನ್ನು ಮಾಡಿಸಬೇಡಿ. ಯಾಕೆ ಅಂತ ಕೇಳಿ. ಅರ್ತ್ ವಯರ್ ಹೋಗಿ ಸೇರೋದು ಕಾರಿನ ಬಾಡಿಗೆ. ಈಗ ಗಾಳಿ ಮಳೆಗೆ ಕಂಬದ ಹತ್ತಿರ ಅಥವಾ ಮೀಟರ್ ಬೋರ್ಡ್‌ನಲ್ಲಿ ನ್ಯೂಟ್ರಲ್ ಕಡಿದು ಹೋಯ್ತು ಅಂತ ಇಟ್ಟುಕೊಳ್ಳಿ. ಇದು ಜೂನ್ ತಿಂಗಳಲ್ಲಿ ಅಪರೂಪ ಅಲ್ಲ. ಮನೆಯೊಳಗಿನ ಒಂದು ಬಲ್ಬೋ ಫ್ರಿಡ್ಜೋ ಆನ್ ಇದ್ದರೆ ಸಾಕು, ಅದರ ಮೂಲಕ 230 ವೋಲ್ಟ್ ಆ ನ್ಯೂಟ್ರಲ್‌ಗೆ ಬಂದು, ಆ ತುಂಡು ವಯರ್ ಹಾದು, ಕಾರಿನ ಬಾಗಿಲಿಗೆ ಬರ್ತದೆ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಆ ಬಾಗಿಲಿಗೆ ಕೈ ಹಾಕುವವರು ಯಾರು? ನೀವಿರಬಹುದು, ಚೆಂಡು ಹೆಕ್ಕಲು ಬಂದ ಪಕ್ಕದ ಮನೆಯ ಮಗುವೂ ಇರಬಹುದು.

"ಎಂಸಿಬಿ ಬೀಳ್ತದಲ್ಲ?" ಅಂತ ಕೇಳ್ತೀರಿ. ಇಲ್ಲೇ ಲೆಕ್ಕ ನೋಡಬೇಕು. ನಿಮ್ಮ ಅರ್ತ್ ಗುಂಡಿಯ ತಡೆ 20 ಓಮ್ ಉಂಟು ಅಂತ ಹಿಡಿಯಿರಿ. ಫೇಸ್ ವಯರ್ ಬಾಡಿಗೆ ತಾಗಿದರೆ 230 ಭಾಗಿಸು 20, ಹರಿಯುವ ಕರೆಂಟ್ 11.5 ಆಂಪಿಯರ್. 16 ಆಂಪಿಯರ್‌ನ ಎಂಸಿಬಿಗೆ ಅದು ಮಾಮೂಲಿ ಲೋಡ್. ಬೀಳೋದೇ ಇಲ್ಲ. ಬಾಡಿಯಲ್ಲಿ ಕರೆಂಟ್ ಹಾಗೇ ಇರ್ತದೆ. ಎಂಸಿಬಿ ಇರೋದು ವಯರ್ ಉಳಿಸಲಿಕ್ಕೆ, ಮನುಷ್ಯನನ್ನು ಉಳಿಸಲಿಕ್ಕೆ ಅಲ್ಲ.

ಮನುಷ್ಯನನ್ನು ಉಳಿಸುವುದು ಆರ್‌ಸಿಸಿಬಿ. ಅದು ನಮ್ಮ ಕಾಮರ್ಸ್‌ನವರ ಟ್ಯಾಲಿ ಇದ್ದ ಹಾಗೆ. ಹೋದ ಕರೆಂಟ್ ಎಷ್ಟು, ವಾಪಸ್ ಬಂದದ್ದು ಎಷ್ಟು, ಎರಡೂ ತಾಳೆ ಆಗಬೇಕು. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೂ, ಅಂದ್ರೆ ಅಷ್ಟು ಕರೆಂಟ್ ಯಾರದೋ ಮೈಯಿಂದ ನೆಲಕ್ಕೆ ಹೋಗ್ತಿದೆ ಅನ್ನಿಸಿದರೂ, ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ಸಂಪರ್ಕ ಕಡೀತದೆ. ಅಂಗಡಿಯಲ್ಲಿ ಕೇಳುವಾಗ "ಟೈಪ್ ಎ" ಅಂತ ಕೇಳಿ. ಹಲವು ಮನೆಗಳಲ್ಲಿ ಇರುವುದು ಹಳೆಯ "ಟೈಪ್ ಎಸಿ". ಇವಿ ಚಾರ್ಜರ್‌ನಿಂದ ಬರುವ ಕೆಲವು ಬಗೆಯ ಸೋರಿಕೆ ಅದಕ್ಕೆ ಸರಿಯಾಗಿ ಕಾಣೋದಿಲ್ಲ. ಆರ್‌ಸಿಸಿಬಿ ಮೇಲೆ ಒಂದು ಟೆಸ್ಟ್ ಬಟನ್ ಇರ್ತದೆ. ತಿಂಗಳಿಗೊಮ್ಮೆ, ಕಾರು ಚಾರ್ಜ್ ಆಗದ ಹೊತ್ತಲ್ಲಿ, ಒತ್ತಿ ನೋಡಿ. ಬೀಳದಿದ್ದರೆ ಬದಲಾಯಿಸಿ.

ಅರ್ತ್‌ಗೆ ಸರಿಯಾದ ದಾರಿ ಒಂದೇ. ಎಲೆಕ್ಟ್ರೀಷಿಯನ್ ಅರ್ತ್ ಟೆಸ್ಟರ್ ತಂದು ಓಮ್ ಅಳೆಯಬೇಕು. ಫೇಸ್‌ಗೂ ಅರ್ತ್‌ಗೂ ಬಲ್ಬ್ ಹಾಕಿ "ಉರೀತು, ಸರಿ ಉಂಟು" ಅನ್ನೋದು ಪರೀಕ್ಷೆ ಅಲ್ಲ. ಸಣ್ಣ ಬಲ್ಬ್ ಉರಿಯಲು ಅರ್ಧ ಆಂಪಿಯರ್ ಕೂಡ ಬೇಡ. ಅದು ಕೆಟ್ಟ ಅರ್ತ್‌ನಲ್ಲೂ ಉರೀತದೆ. ತಡೆ ಹೆಚ್ಚಿದ್ದರೆ ಹೊಸ ಗುಂಡಿ, ಅಥವಾ ಎರಡು ಗುಂಡಿ ಜೋಡಿಸೋದು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವ ಹಳೆಯವರ ಕ್ರಮ ತಮಾಷೆ ಅಲ್ಲ, ಅದಕ್ಕೆ ಕಾರಣ ಇದೇ. ಕಾರಿಗೆ ಹತ್ತಾರು ಲಕ್ಷ ಕೊಟ್ಟವರು ಇದಕ್ಕೆ ಕೆಲವು ಸಾವಿರ ಕೊಡಲು ಹಿಂದೆ ಮುಂದೆ ನೋಡಬಾರದು.

ಮಳೆ ಮತ್ತು ಸಿಡಿಲು

ಸರಿಯಾದ ಚಾರ್ಜರ್, ಸರಿಯಾದ ಅರ್ತ್ ಇದ್ದರೆ ಕಾರಿನ ಕಡೆಯ ಗನ್‌ಗೆ ಮಳೆ ಹನಿ ಬಿದ್ದರೆ ತೊಂದರೆ ಇಲ್ಲ, ಅದನ್ನು ಅದಕ್ಕೆಂದೇ ಮಾಡಿರ್ತಾರೆ. ತೊಂದರೆ ಇರೋದು ಗೋಡೆಯ ಕಡೆ. ಮೂರು ಪಿನ್ ಸಾಕೆಟ್ ಮಳೆಗೆ ತೆರೆದಿರಬಾರದು. ಚಾರ್ಜರ್ ಡಬ್ಬವನ್ನು ನೆಲದಲ್ಲಿ ಬಿಡಬೇಡಿ, ಗೋಡೆಗೆ ಕೊಕ್ಕೆ ಹಾಕಿ ತೂಗಿಸಿ. ಗನ್ ಒಳಗೆ ನೀರು, ಮರಳು, ಇರುವೆ ಕಂಡರೆ ಒರೆಸಿ ಒಣಗಿಸಿದ ಮೇಲೆಯೇ ಬಳಸಿ. ಕಾರು ನೆರೆ ನೀರಿನಲ್ಲಿ ನಿಂತಿದ್ದರೆ ಒಣಗಿದ ಮೇಲೂ ಚಾರ್ಜ್‌ಗೆ ಹಾಕಬೇಡಿ, ಸ್ಟಾರ್ಟ್ ಕೂಡ ಬೇಡ. ಸರ್ವಿಸ್‌ನವರು ನೋಡಲಿ.

ಸಿಡಿಲಿನದ್ದು ಬೇರೆ ಕಥೆ. ಕರಾವಳಿಯಲ್ಲಿ ಮಳೆಗಾಲದ ಮೊದಲು ಏಪ್ರಿಲ್ ಮೇ, ಆಮೇಲೆ ಅಕ್ಟೋಬರ್ ನವೆಂಬರ್, ಸಂಜೆ ಹೊತ್ತಿಗೆ ಗುಡುಗು ಜೋರು. ಕಂಬದ ಲೈನ್ ಮೂಲಕ ಬರುವ ಆಘಾತಕ್ಕೆ ಕಾರಿನೊಳಗಿನ ಚಾರ್ಜರ್ ಹೋದರೆ ಖರ್ಚು ದೊಡ್ಡದು. ಡಿಬಿಯಲ್ಲಿ ಎಸ್‌ಪಿಡಿ ಅಂತ ಒಂದು ಸಾಧನ ಹಾಕಿಸಬಹುದು, ಅದೂ ಕೆಲಸ ಮಾಡಬೇಕಾದ್ರೆ ಅರ್ತ್ ಚೆನ್ನಾಗಿರಬೇಕು. ಮೋಡ ಕಟ್ಟುವಾಗಲೇ ಪ್ಲಗ್ ತೆಗೆಯೋದು ಇನ್ನೂ ಸುಲಭ. ಸಿಡಿಲು ಶುರುವಾದ ಮೇಲೆ ಅಂಗಳಕ್ಕೆ ಓಡಬೇಡಿ. ಕಾರು ಹೋದರೆ ಹೋಗಲಿ, ನೀವು ಒಳಗಿರಿ.

ಬಿಲ್ಲಿನ ಲೆಕ್ಕ, ಗೃಹಜ್ಯೋತಿ ಸೇರಿ

ಈಗ ನನ್ನ ಇಷ್ಟದ ಭಾಗ. ನಿಮ್ಮ ಮೆಸ್ಕಾಂ ಬಿಲ್ ತೆಗೆಯಿರಿ. ಅದರಲ್ಲಿ "ಮಂಜೂರಾದ ಲೋಡ್" ಅಂತ ಇರ್ತದೆ. ಹಳೆಯ ಮನೆಗಳಲ್ಲಿ ಅದು 1, 2 ಅಥವಾ 3 ಕಿಲೋವ್ಯಾಟ್. ಬೆಳಿಗ್ಗೆ ಆರಕ್ಕೆ ಕಾರು 3.3, ಗೀಸರ್ 2, ಬಾವಿಯ ಒಂದು ಎಚ್‌ಪಿ ಪಂಪು ಮುಕ್ಕಾಲು. ಒಟ್ಟು 6 ಕಿಲೋವ್ಯಾಟ್ ದಾಟಿತು. ಮೇನ್ ವಯರಿನಲ್ಲಿ 26 ಆಂಪಿಯರ್. ಲೋಡ್ ಹೆಚ್ಚಿಸಲು ಮೆಸ್ಕಾಂಗೆ ಅರ್ಜಿ ಹಾಕಿ, ಮೇನ್ ವಯರ್ ತಡೆಯುತ್ತದಾ ಅಂತ ಎಲೆಕ್ಟ್ರೀಷಿಯನ್ ಹತ್ತಿರ ಕೇಳಿ. ಲೋಡ್ ಹೆಚ್ಚಿಸಿದರೆ ನಿಗದಿತ ಶುಲ್ಕವೂ ಏರ್ತದೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಇನ್ನು ಗೃಹಜ್ಯೋತಿ. 2023ರ ಜುಲೈ ಬಳಕೆಯಿಂದ ಶುರುವಾದ ಯೋಜನೆ. ನಿಮ್ಮ ಹಿಂದಿನ ಸರಾಸರಿಗೆ ಶೇ. 10 ಸೇರಿಸಿದಷ್ಟು ಯೂನಿಟ್ ಉಚಿತ. ಅದಕ್ಕಿಂತ ಹೆಚ್ಚಾದರೆ ಹೆಚ್ಚಿನದಕ್ಕೆ ಮಾತ್ರ ಹಣ. ಆದರೆ ತಿಂಗಳ ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದು.

ಮನೆಯ ಬಳಕೆ 110 ಯೂನಿಟ್ ಅಂತ ಹಿಡಿಯೋಣ, ಅರ್ಹತೆ 121. ಚಾರ್ಜಿಂಗ್‌ನಲ್ಲಿ ಸೋರುವುದೂ ಸೇರಿ ಒಂದು ಯೂನಿಟ್‌ಗೆ 7 ಕಿಲೋಮೀಟರ್ ಕಾರು ಓಡ್ತದೆ ಅಂತ ಹಿಡಿಯೋಣ. ತಿಂಗಳಿಗೆ 500 ಕಿಲೋಮೀಟರ್ ಓಡಿದರೆ 71 ಯೂನಿಟ್. ಒಟ್ಟು 181. ನೀವು ಕೊಡಬೇಕಾದ್ದು ಹೆಚ್ಚಿನ 60 ಯೂನಿಟ್‌ಗೆ ಮಾತ್ರ. 1000 ಕಿಲೋಮೀಟರ್ ಓಡಿದರೆ 143 ಯೂನಿಟ್. ಒಟ್ಟು 253. 200 ದಾಟಿತು. ಯೂನಿಟ್‌ಗೆ 6 ರೂಪಾಯಿ ಅಂತ ಇಟ್ಟುಕೊಂಡರೂ 1,518 ರೂಪಾಯಿ, ಮೇಲೆ ನಿಗದಿತ ಶುಲ್ಕ, ತೆರಿಗೆ. ಹಾಗಂತ ನಷ್ಟವಾ? ಅಲ್ಲ. ಅದೇ 1000 ಕಿಲೋಮೀಟರ್‌ಗೆ ಲೀಟರಿಗೆ 16 ಕೊಡುವ ಪೆಟ್ರೋಲ್ ಕಾರು 62 ಲೀಟರ್ ಮೇಲೆ ಕುಡೀತದೆ. ಲೀಟರಿಗೆ 100 ರೂಪಾಯಿ ಅಂದ್ರೂ 6,250. ಉಳಿತಾಯ ಉಂಟು. ಆದರೆ "ಕರೆಂಟ್ ಫ್ರೀ, ಕಾರೂ ಫ್ರೀ" ಅಂತ ಲೆಕ್ಕ ಹಾಕಿ ಲೋನ್ ತೆಗೀಬೇಡಿ. ಇವಿ ಚಾರ್ಜಿಂಗ್‌ಗೆ ಎಲ್‌ಟಿ-6ಸಿ ಅಂತ ಬೇರೆ ದರ ವರ್ಗ ಉಂಟು. ಹೆಚ್ಚು ಓಡಿಸುವವರು ಪ್ರತ್ಯೇಕ ಮೀಟರ್ ಲಾಭವೋ ಅಂತ ಮೆಸ್ಕಾಂ ಕಚೇರಿಯಲ್ಲಿ ಕೇಳಿ, ಬರೆದು ಲೆಕ್ಕ ಹಾಕಿ, ಆಮೇಲೆ ತೀರ್ಮಾನ ಮಾಡಿ.

ಬ್ಯಾಟರಿ ಅನ್ನೋ ಆಸ್ತಿ

ಇವಿಯಲ್ಲಿ ಅತ್ಯಂತ ದುಬಾರಿ ಭಾಗ ಬ್ಯಾಟರಿ. ನಮ್ಮ ಭಾಷೆಯಲ್ಲಿ ಅದು ಸವಕಳಿ ಇರುವ ಆಸ್ತಿ. ಬಿಕಾಂನಲ್ಲಿ ಡಿಪ್ರಿಸಿಯೇಷನ್ ಎರಡು ರೀತಿ ಓದಿದ್ದೀರಿ. ಒಂದು, ಬಳಸಿದರೂ ಬಿಟ್ಟರೂ ವರ್ಷ ವರ್ಷ ಇಳಿಯೋದು. ಇನ್ನೊಂದು, ಎಷ್ಟು ಬಳಸಿದಿರೋ ಅಷ್ಟು ಇಳಿಯೋದು. ಲಿಥಿಯಂ ಬ್ಯಾಟರಿಗೆ ಎರಡೂ ಒಟ್ಟಿಗೆ ನಡೀತದೆ. ಮೊದಲನೆಯದಕ್ಕೆ ವೇಗ ಕೊಡೋದು ಎರಡು ವಿಷಯ: ಬಿಸಿ, ಮತ್ತು ತುಂಬಿದ ಬ್ಯಾಟರಿಯನ್ನು ಹಾಗೇ ಬಿಡೋದು. ಎರಡನೆಯದಕ್ಕೆ ವೇಗ ಕೊಡೋದು ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬುವ ಚಟ, ಮತ್ತು ದಿನಾ ಫಾಸ್ಟ್ ಚಾರ್ಜಿಂಗ್.

ನಿಮ್ಮ ಕೈಯಲ್ಲಿರುವ ಫೋನ್ ನೋಡಿ. ದಿಂಬಿನ ಅಡಿಯಲ್ಲಿ ಇಟ್ಟು, ರಾತ್ರಿಯಿಡೀ ನೂರಕ್ಕೆ ನೂರು ತುಂಬಿಸಿ, ಎರಡು ವರ್ಷಕ್ಕೆ ಬ್ಯಾಟರಿ ಮುಗೀತು ಅಂತೀರಿ. ಕಾರಿನಲ್ಲಿ ತಣ್ಣಗೆ ಇಡುವ ವ್ಯವಸ್ಥೆ, ಮೇಲೆ ಕೆಳಗೆ ಸ್ವಲ್ಪ ಮೀಸಲು, ಎಲ್ಲ ಇರ್ತದೆ. ಹಾಗಾಗಿ ಅದು ಫೋನಿಗಿಂತ ಎಷ್ಟೋ ಹೆಚ್ಚು ಬಾಳ್ತದೆ. ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡೋದು ಅದಕ್ಕೇ. ಆದರೂ ಒಳಗಿನ ರಸಾಯನ ಅದೇ ಕುಟುಂಬದ್ದು.

ಮೊದಲು ತಿಳಿಯಬೇಕಾದ್ದು ನಿಮ್ಮದು ಯಾವ ಬ್ಯಾಟರಿ ಅಂತ. ಎನ್‌ಎಂಸಿ ಆದರೆ ದಿನದ ಓಡಾಟಕ್ಕೆ ಶೇ. 80 ಸಾಕು, ದೂರ ಹೋಗುವ ದಿನ ಮಾತ್ರ 100. ಎಲ್‌ಎಫ್‌ಪಿ ಆದರೆ ಕಥೆ ಸ್ವಲ್ಪ ಬೇರೆ. ಅದರ ವೋಲ್ಟೇಜ್ ಮಧ್ಯದಲ್ಲಿ ಹೆಚ್ಚು ಏರಿಳಿಯದೆ ಚಪ್ಪಟೆ ಇರ್ತದೆ. ಹಾಗಾಗಿ ಎಷ್ಟು ಉಳಿದಿದೆ ಅಂತ ಕಾರಿಗೇ ಸರಿಯಾಗಿ ಗೊತ್ತಾಗಲು ಆಗಾಗ 100ರವರೆಗೆ ತುಂಬಬೇಕು. ಎಷ್ಟು ದಿನಕ್ಕೊಮ್ಮೆ ಅಂತ ಮ್ಯಾನ್ಯುಯಲ್‌ನಲ್ಲಿ ಇರ್ತದೆ. ವಾಟ್ಸಾಪ್ ಗ್ರೂಪ್ ಹೇಳುವುದಕ್ಕಿಂತ ಮ್ಯಾನ್ಯುಯಲ್ ಮೇಲು. ವಾರಂಟಿ ಕ್ಲೇಮ್ ಮಾಡುವಾಗ ಕಂಪನಿ ನೋಡೋದೂ ಅದನ್ನೇ.

ಉಳಿದದ್ದು ಇಬ್ಬರಿಗೂ ಒಂದೇ. ಶೇ. 10ಕ್ಕೆ ಇಳಿಯುವವರೆಗೆ ಕಾಯಬೇಡಿ, ಸ್ವಲ್ಪ ಸ್ವಲ್ಪ ತುಂಬಿಸೋದು ಬ್ಯಾಟರಿಗೆ ಹಿತ. ಮಧ್ಯಾಹ್ನ ದೂರದಿಂದ ಬಂದ ಕೂಡಲೇ ಬಿಸಿ ಬ್ಯಾಟರಿಗೆ ಪ್ಲಗ್ ಹಾಕಬೇಡಿ, ಒಂದೆರಡು ಗಂಟೆ ನೆರಳಲ್ಲಿ ಆರಲಿ. ಟೈಮರ್ ಇದ್ದರೆ ರಾತ್ರಿ ತಡವಾಗಿ ಶುರು ಮಾಡಿ, ಬೆಳಿಗ್ಗೆ ಹೊರಡುವ ಸ್ವಲ್ಪ ಮೊದಲು ಮುಗಿಯುವ ಹಾಗೆ. ಆಗ ತುಂಬಿದ ಬ್ಯಾಟರಿ ಸುಮ್ಮನೆ ನಿಲ್ಲೋದಿಲ್ಲ, ಪಂಪು ಗೀಸರಿನ ಹೊತ್ತೂ ತಪ್ತದೆ.

ಮನೆಯ ಚಾರ್ಜಿಂಗ್ ಯಾಕೆ ಒಳ್ಳೆಯದು? 30 ಯೂನಿಟ್‌ನ ಬ್ಯಾಟರಿಗೆ 3 ಕಿಲೋವ್ಯಾಟ್ ಅಂದ್ರೆ ಹತ್ತು ಗಂಟೆಯ ನಿಧಾನ ಊಟ. ಹೆದ್ದಾರಿಯ 30 ಕಿಲೋವ್ಯಾಟ್ ಅಂದ್ರೆ ಅದೇ ಊಟ ಒಂದು ಗಂಟೆಯಲ್ಲಿ. ಮದುವೆಗೆ ಕುಂದಾಪುರಕ್ಕೆ ಹೋಗುವಾಗ ಹೆದ್ದಾರಿಯಲ್ಲಿ ಒಮ್ಮೆ ಫಾಸ್ಟ್ ಚಾರ್ಜ್ ಮಾಡಿದರೆ ಏನೂ ಆಗೋದಿಲ್ಲ, ದಿನಾ ಬೇಡ. ಅಲ್ಲಿ ಕೂಡ 80 ಆದ ಮೇಲೆ ವೇಗ ಇಳೀತದೆ, ಯಾಕೆಂದ್ರೆ ತುಂಬಿದ ಬಸ್ಸಿನಲ್ಲಿ ಕೊನೆಯ ಸೀಟು ಹುಡುಕಲು ಹೊತ್ತು ಬೇಕು. ಹಿಂದೆ ಕಾಯುವವರಿಗೆ ಜಾಗ ಬಿಟ್ಟು ಹೊರಡಿ.

ಇನ್ನೊಂದು ನಮ್ಮ ಕಡೆಯ ವಿಷಯ. ಕೊಟ್ಟಿಗೆಹಾರದ ಹೋಂಸ್ಟೇಯಲ್ಲಿ ರಾತ್ರಿ 100 ತುಂಬಿಸಿ ಬೆಳಿಗ್ಗೆ ಚಾರ್ಮಾಡಿ ಇಳಿದರೆ, ಇಳಿಜಾರಿನಲ್ಲಿ ವಾಪಸ್ ಬರುವ ಕರೆಂಟ್ ಹಾಕಲು ಬ್ಯಾಟರಿಯಲ್ಲಿ ಜಾಗ ಇರೋದಿಲ್ಲ. ಮೋಟರಿನ ಹಿಡಿತ ಕಡಿಮೆ ಆಗ್ತದೆ, ಎಲ್ಲ ಭಾರ ಬ್ರೇಕಿನ ಮೇಲೆ. ಘಾಟಿ ಇಳಿಯುವ ಮೊದಲು ಸ್ವಲ್ಪ ಖಾಲಿ ಇಟ್ಟುಕೊಳ್ಳಿ.

ಗಲ್ಫ್‌ಗೆ ಹೋಗುವವರಿಗೆ ಒಂದು ಮಾತು. ಆರು ತಿಂಗಳು ಕಾರು ನಿಲ್ಲುವುದಾದರೆ ತುಂಬಿಸಿ ಬಿಡಬೇಡಿ, ಖಾಲಿಯೂ ಬಿಡಬೇಡಿ. ಅರ್ಧದ ಆಸುಪಾಸು ಇರಲಿ, ನೆರಳಲ್ಲಿ ಇರಲಿ, ಪ್ಲಗ್ ತೆಗೆದಿರಲಿ. ಮುಂದಿನ ಸಣ್ಣ 12 ವೋಲ್ಟ್ ಬ್ಯಾಟರಿ ಇಳಿದರೆ ದೊಡ್ಡ ಬ್ಯಾಟರಿ ಇದ್ದೂ ಕಾರು ಎಚ್ಚರ ಆಗೋದಿಲ್ಲ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಹಾಗೆ ಮನೆಯವರು ಆಗಾಗ ನೋಡಲಿ.

ಕೊನೆಗೆ, ತುರ್ತಿನ ಹೊತ್ತು

ಸಾಕೆಟ್‌ನಲ್ಲಿ ಹೊಗೆ ಬಂದರೆ ಮೇನ್ ಆಫ್ ಮಾಡಿ, ನೀರು ಹಾಕಬೇಡಿ. ಕಾರಿನ ಅಡಿಯಿಂದ ಹೊಗೆ, ಬುಸುಗುಡುವ ಸದ್ದು ಬಂದರೆ ಏನನ್ನೂ ಉಳಿಸಲು ಹೋಗಬೇಡಿ. ಎಲ್ಲರನ್ನೂ ದೂರ ಕಳಿಸಿ, 112ಕ್ಕೆ ಅಥವಾ ಅಗ್ನಿಶಾಮಕದ 101ಕ್ಕೆ ಕರೆ ಮಾಡಿ, "ಎಲೆಕ್ಟ್ರಿಕ್ ಕಾರು" ಅಂತ ಮೊದಲೇ ಹೇಳಿ. ಬ್ಯಾಟರಿಯ ಬೆಂಕಿ ಆರಿದ ಹಾಗೆ ಕಂಡು ಮತ್ತೆ ಹೊತ್ತಿಕೊಳ್ಳಬಹುದು. ಲೈನ್ ಕಡಿದು ಬಿದ್ದರೆ, ವೋಲ್ಟೇಜ್ ಏರಿಳಿದರೆ ಮೆಸ್ಕಾಂನ 1912.

ಈ ವಾರ ಒಂದೇ ಕೆಲಸ ಮಾಡಿ. ಕಾರು ಇದ್ದವರು ಅರ್ತ್ ಅಳೆಸಿ, ಓಮ್ ಎಷ್ಟು ಬಂತು ಅಂತ ಡಿಬಿ ಬಾಕ್ಸ್ ಬಾಗಿಲಿನ ಒಳಗೆ ತಾರೀಕು ಹಾಕಿ ಬರೆದಿಡಿ. ಅಳೆಸೋದು ಬೇಸಿಗೆಯಲ್ಲೇ ಆದರೆ ಇನ್ನೂ ಒಳ್ಳೆಯದು, ಆಗಲೇ ಅದರ ನಿಜವಾದ ಪರೀಕ್ಷೆ. ಕಾರು ಇಲ್ಲದವರು ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿ. ಮನೆಯಲ್ಲಿ ಆರ್‌ಸಿಸಿಬಿಯೇ ಇಲ್ಲ ಅಂತ ಗೊತ್ತಾದರೆ, ಕಾರಿಗಿಂತ ಮೊದಲು ಅದನ್ನು ತನ್ನಿ. ಸಿಗುವಾ.